ಮಕ್ಕಳ ಕೈಗೆ ಸಿಗದೆ ಉಳಿದ ಪುಸ್ತಕಗಳು

ಮಕ್ಕಳ ಪುಸ್ತಕಕ್ಕೆ ಆಯುಷ್ಯ ಕಡಿಮೆ. ದೊಡ್ಡವರ ಪುಸ್ತಕ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತಿರುತ್ತದೆ. ಮಗುವಿನ ಪುಸ್ತಕ ಹಾಸಿಗೆಯ ಮೇಲೆ, ಊಟದ ತಟ್ಟೆಯ ಪಕ್ಕದಲ್ಲಿ, ಜಗುಲಿಯಲ್ಲಿ, ಕೆಲವು ಸಲ ಬಚ್ಚಲುಮನೆಯಲ್ಲೂ ಬಿದ್ದಿರುತ್ತದೆ. ಮೊದಲು ರಟ್ಟು ಸಡಿಲವಾಗುತ್ತದೆ, ಆಮೇಲೆ ಹೊಲಿಗೆ ಬಿಡುತ್ತದೆ. ಚಿತ್ರದಲ್ಲಿರುವ ರಾಜನಿಗೆ ಯಾರೋ ಪೆನ್ಸಿಲಿನಿಂದ ಮೀಸೆ ಬರೆಯುತ್ತಾರೆ. ಅಣ್ಣ ಓದಿದ್ದು ತಂಗಿಗೆ, ತಂಗಿ ಓದಿದ್ದು ಪಕ್ಕದ ಮನೆಯ ಮಗುವಿಗೆ ದಾಟಿ, ಕೊನೆಗೊಂದು ದಿನ ರದ್ದಿಯವನ ತಕ್ಕಡಿಗೆ ಹೋಗುತ್ತದೆ. ಹಾಗೆ ಹೋಗುವುದು ಆ ಪುಸ್ತಕದ ಸೋಲೇನೂ ಅಲ್ಲ. ಅದನ್ನು ಬರೆದದ್ದು, ಅಚ್ಚು ಹಾಕಿದ್ದು ಅದಕ್ಕಾಗಿಯೇ.

ಹೀಗಿರುವುದರಿಂದಲೇ ನೂರು ವರ್ಷ ಕಳೆದ ಮೇಲೆ ಒಂದು ವಿಚಿತ್ರ ನಡೆಯುತ್ತದೆ. ಸಾವಿರಗಟ್ಟಲೆ ಅಚ್ಚಾದ ಮಕ್ಕಳ ಪುಸ್ತಕದ ಮೊದಲ ಮುದ್ರಣದ ಒಂದು ಶುಭ್ರವಾದ ಪ್ರತಿ ಬೇಕೆಂದರೆ ಸಿಗುವುದೇ ಇಲ್ಲ. ಲಂಡನ್ನಿನ ಮುದ್ರಕ ಎಡ್ಮಂಡ್ ಇವಾನ್ಸ್ 1879ರಲ್ಲಿ ಕೇಟ್ ಗ್ರೀನವೇ ಎಂಬ ಚಿತ್ರಗಾರ್ತಿಯ ‘ಅಂಡರ್ ದಿ ವಿಂಡೋ’ ಪುಸ್ತಕವನ್ನು ಬಣ್ಣದ ಮರದಚ್ಚುಗಳಲ್ಲಿ ಮುದ್ರಿಸಿದಾಗ ಮೊದಲ ಸುತ್ತಿಗೇ 20,000 ಪ್ರತಿ ಹಾಕಿದ್ದ. ಪ್ರಕಾಶಕರಿಗೆ ಅದು ಹುಚ್ಚು ಸಾಹಸವಾಗಿ ಕಂಡಿತ್ತು. ಎರಡನೆಯ ಮುದ್ರಣ ಸಿದ್ಧವಾಗುವ ಮೊದಲೇ ಅಷ್ಟೂ ಮಾರಾಟವಾದವು. ಅಷ್ಟು ಪ್ರತಿಗಳಲ್ಲಿ ಕಲೆಯಿಲ್ಲದ, ಗೀಚಿಲ್ಲದ, ಪುಟ ಕಳೆದುಕೊಳ್ಳದ ಪ್ರತಿ ಹುಡುಕುವವರಿಗೆ ಇಂದು ಕಷ್ಟ ಗೊತ್ತು. ಮಕ್ಕಳು ಮೆಚ್ಚಿದಷ್ಟೂ ಪುಸ್ತಕ ಬೇಗ ಸವೆಯುತ್ತದೆ, ಸವೆದಷ್ಟೂ ಉಳಿದ ಪ್ರತಿಗೆ ಬೆಲೆ ಏರುತ್ತದೆ. ಸಂಗ್ರಾಹಕ ಬಯಸುವ ಪ್ರತಿ, ಸರಿಯಾಗಿ ನೋಡಿದರೆ, ಯಾವ ಮಗುವೂ ಆಸೆಪಟ್ಟು ಓದದ ಪ್ರತಿ. ಈ ಹವ್ಯಾಸದ ಒಳಗಿರುವ ತೊಡಕು ಇದು. ಅದರ ಮೇಲೆ ಲೇಖಕನ ರುಜುವೂ ಇರಬೇಕೆಂದು ಹೊರಟಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ರುಜು ಇರುವುದು ಯಾರಿಗಾಗಿ, ಪುಸ್ತಕ ಪಡೆದ ಮಗುವಿಗೋ, ಮುಂದೆ ಅದನ್ನು ಕೊಳ್ಳಲಿರುವ ಅಪರಿಚಿತನಿಗೋ?

ಮೊದಲು ‘ಮೊದಲ ಮುದ್ರಣ’ ಎಂದರೇನು ಎಂಬುದನ್ನು ನೋಡೋಣ. ಕನ್ನಡ ಪುಸ್ತಕ ಓದುವವರಿಗೆ ಇದು ಸುಲಭ. ಶೀರ್ಷಿಕೆ ಪುಟ ಮಗುಚಿದರೆ ಹಿಂಬದಿಯಲ್ಲಿ ಪ್ರಥಮ ಮುದ್ರಣ ಯಾವ ವರ್ಷ, ಎಷ್ಟು ಪ್ರತಿ, ಬೆಲೆ ಎಷ್ಟು ಎಂದು ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಈ ಸೌಕರ್ಯ ಎಷ್ಟೋ ಸಲ ಇಲ್ಲ. ಆದ್ದರಿಂದ ಸಂಗ್ರಾಹಕರು ಕುರುಹು ಹುಡುಕುತ್ತಾರೆ. ಕುರುಹು ಎಂದರೆ ಬಹುಪಾಲು ತಪ್ಪು: ಮೊದಲ ಸುತ್ತಿನಲ್ಲಿ ಉಳಿದು ಆಮೇಲೆ ತಿದ್ದಿದ ಒಂದು ಅಕ್ಷರ, ಬದಲಾದ ಒಂದು ಬಣ್ಣ, ಮೇಲುಹೊದಿಕೆಯ ಮೇಲೆ ಅಚ್ಚಾದ ಬೆಲೆ. ಟೋಲ್ಕಿನ್ ತಾನೇ ಚಿತ್ರ ಬರೆದ ‘ದಿ ಹಾಬಿಟ್’ 1937ರ ಸೆಪ್ಟೆಂಬರಿನಲ್ಲಿ ಹೊರಬಂದಾಗ ಅಚ್ಚಾದದ್ದು 1,500 ಪ್ರತಿ. ಅದರ ಮೇಲುಹೊದಿಕೆಯಲ್ಲಿ ಲೂಯಿ ಕ್ಯಾರಲ್‌ನ ನಿಜ ಹೆಸರಾದ ಡಾಜ್‌ಸನ್ ಎಂಬುದರ ಕಾಗುಣಿತದಲ್ಲಿ ಒಂದು ಅಕ್ಷರ ಹೆಚ್ಚಾಗಿ ಬಿದ್ದಿತ್ತು. ಪ್ರಕಾಶಕರ ಕಚೇರಿಯಲ್ಲಿ ಯಾರೋ ಕುಳಿತು ಶಾಯಿಯಿಂದ ಆ ಅಕ್ಷರವನ್ನು ಹೊಡೆದುಹಾಕಿದರು. ಆ ಶಾಯಿಗೆರೆ ಇಂದು ಆಭರಣದ ಮುದ್ರೆಯಿದ್ದ ಹಾಗೆ.

ಮಾರಿಸ್ ಸೆಂಡಾಕ್‌ನ ‘ವೇರ್ ದಿ ವೈಲ್ಡ್ ಥಿಂಗ್ಸ್ ಆರ್’ 1963ರ ಪುಸ್ತಕ. 1964ರಲ್ಲಿ ಅದಕ್ಕೆ ಅಮೆರಿಕದ ಕಾಲ್ಡೆಕಾಟ್ ಪದಕ ಬಂತು. ಮೇಲುಹೊದಿಕೆಯಲ್ಲಿ ಪದಕದ ಮಾತೇನಾದರೂ ಇದ್ದರೆ ಅದು ಮೊದಲನೆಯದಲ್ಲ ಎಂದು ಕಣ್ಣುಮುಚ್ಚಿ ಹೇಳಬಹುದು. ಬಹುಮಾನ ಬಂದದ್ದು ಪುಸ್ತಕಕ್ಕೆ ಗೌರವ. ಆ ಗೌರವವನ್ನು ಹೊತ್ತ ಪ್ರತಿಗೆ ಮಾತ್ರ ಪೇಟೆಯಲ್ಲಿ ಬೆಲೆ ಕಡಿಮೆ!

ಮೇಲುಹೊದಿಕೆಯದೇ ಒಂದು ಕಥೆ. ರಟ್ಟಿಗೆ ಧೂಳು ಕೂರದಿರಲೆಂದು ಅಂಗಡಿಯವರು ಸುತ್ತುತ್ತಿದ್ದ ಆ ಕಾಗದವನ್ನು ಮನೆಗೆ ಬಂದ ಕೂಡಲೇ ಬಿಸಾಡುವುದು ವಾಡಿಕೆಯಾಗಿತ್ತು. ಅದರ ಬೆನ್ನಿನ ಮೇಲೆ ಪುಸ್ತಕದ ಹೆಸರು ಅಚ್ಚು ಹಾಕಿಸಿದರೆ ಅಂಗಡಿಯಲ್ಲಿ ಹೊದಿಕೆ ತೆಗೆಯದೆಯೇ ಮಾರಬಹುದಲ್ಲ ಎಂದು 1876ರಲ್ಲಿ ಪ್ರಕಾಶಕರಿಗೆ ಬರೆದು ಸೂಚಿಸಿದವನು ಮತ್ತೆ ಕ್ಯಾರಲ್‌ನೇ. ಆಗ ಅವನ ‘ದಿ ಹಂಟಿಂಗ್ ಆಫ್ ದಿ ಸ್ನಾರ್ಕ್’ ಹೊರಬರುವುದರಲ್ಲಿತ್ತು. ಇಪ್ಪತ್ತನೆಯ ಶತಮಾನದ ಪ್ರಸಿದ್ಧ ಮಕ್ಕಳ ಪುಸ್ತಕಗಳಲ್ಲಿ ಆ ತುಂಡು ಕಾಗದ ಇದ್ದರೆ ಬೆಲೆಯ ಬಹುಪಾಲು ಅದರದೇ. ಒಳಗಿನ ಕಥೆಗೆ, ಚಿತ್ರಕ್ಕೆ ಉಳಿದ ಚಿಲ್ಲರೆ.

ಕ್ಯಾರಲ್‌ನ ಹೆಸರು ಇಷ್ಟು ಬೇಗ ಎರಡು ಸಲ ಬಂದದ್ದು ಆಕಸ್ಮಿಕವಲ್ಲ. ಇಡೀ ಹವ್ಯಾಸಕ್ಕೆ ಕುಲದೇವರ ಸ್ಥಾನದಲ್ಲಿರುವ ಪುಸ್ತಕ ಅವನ ‘ಆಲಿಸ್’. ಕನ್ನಡದಲ್ಲಿ ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ ಓದಿದವರಿಗೆ ಆ ಹುಡುಗಿಯ ಪರಿಚಯ ಬೇರೆ ಹೇಳಬೇಕಿಲ್ಲ.

1862ರ ಜುಲೈ 4ರಂದು ಆಕ್ಸ್‌ಫರ್ಡಿನ ಗಣಿತದ ಅಧ್ಯಾಪಕ ಚಾರ್ಲ್ಸ್ ಡಾಜ್‌ಸನ್ ಒಬ್ಬ ಗೆಳೆಯನೊಡನೆ, ಕಾಲೇಜಿನ ಡೀನ್ ಆಗಿದ್ದ ಲಿಡೆಲ್‌ನ ಮೂವರು ಹೆಣ್ಣುಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊಳೆಯ ಮೇಲೆ ಹೋದ. ಹೊತ್ತು ಕಳೆಯಲು ಕಥೆ ಕಟ್ಟಿದ. ನಡುವಿನ ಹುಡುಗಿ ಆಲಿಸ್ ಅದನ್ನು ಬರೆದುಕೊಡೆಂದು ಪಟ್ಟು ಹಿಡಿದಳು. ಎರಡು ವರ್ಷ ದಾಟಿದ ಮೇಲೆ, 1864ರ ನವೆಂಬರಿನಲ್ಲಿ, ಅವನು ತನ್ನ ದುಂಡಗಿನ ಕೈಬರಹದಲ್ಲಿ ಬರೆದು, ತಾನೇ ಚಿತ್ರಗಳನ್ನೂ ಬಿಡಿಸಿದ ಒಂದು ಪುಸ್ತಕವನ್ನು ಅವಳಿಗೆ ಉಡುಗೊರೆ ಕೊಟ್ಟ. ಇದ್ದದ್ದು ಒಂದೇ ಪ್ರತಿ, ಓದುಗಳು ಒಬ್ಬಳೇ. ಇದಕ್ಕಿಂತ ಮೊದಲ ಮುದ್ರಣ ಇರಲು ಸಾಧ್ಯವಿಲ್ಲ, ಇದಕ್ಕಿಂತ ನಿಜವಾದ ರುಜುವೂ ಇಲ್ಲ.

ಅಚ್ಚಿನ ಪುಸ್ತಕದ ಕಥೆ ಬೇರೆ. ಜಾನ್ ಟೆನಿಯಲ್ 42 ಚಿತ್ರ ಬರೆದ. ಮ್ಯಾಕ್‌ಮಿಲನ್ ಸಂಸ್ಥೆ ಪ್ರಕಾಶಕ, ಖರ್ಚೆಲ್ಲ ಕ್ಯಾರಲ್‌ನದು. 1865ರಲ್ಲಿ ಆಕ್ಸ್‌ಫರ್ಡಿನ ಅಚ್ಚುಕೂಟದಲ್ಲಿ 2,000 ಪ್ರತಿ ಮುದ್ರಣವಾಯಿತು. ದೋಣಿಯ ವಿಹಾರಕ್ಕೆ ಮೂರು ವರ್ಷ ತುಂಬುವ ದಿನಕ್ಕೆ ಆಲಿಸ್‌ಳ ಕೈಗೆ ಪುಸ್ತಕ ಸೇರಬೇಕೆಂಬುದು ಅವನ ಹಂಬಲ. ಐವತ್ತರಷ್ಟು ಪ್ರತಿಗಳಿಗೆ ಮುಂಚೆಯೇ ರಟ್ಟು ಕಟ್ಟಿಸಿ ಗೆಳೆಯರಿಗೆ ಹಂಚಿದ. ಅಷ್ಟರಲ್ಲಿ ಟೆನಿಯಲ್‌ನ ಕಾಗದ ಬಂತು: ಚಿತ್ರಗಳು ಅಚ್ಚಾದ ರೀತಿ ತನಗೆ ಕಿಂಚಿತ್ತೂ ಒಪ್ಪಿಗೆಯಿಲ್ಲ. ಇಂದು ಆ ಪ್ರತಿಗಳನ್ನು ನೋಡಿದವರು ದೋಷ ಅಷ್ಟೇನೂ ದೊಡ್ಡದಲ್ಲ ಎನ್ನುತ್ತಾರೆ. ಆದರೆ ಕ್ಯಾರಲ್ ವಾದ ಹೂಡಲಿಲ್ಲ. ತನ್ನ ನಷ್ಟವನ್ನು ಲೆಕ್ಕ ಹಾಕಿ, ಇಡೀ ಮುದ್ರಣವನ್ನು ತಡೆಹಿಡಿದ. ಕೊಟ್ಟ ಉಡುಗೊರೆಗಳನ್ನು ಹಿಂದಕ್ಕೆ ಕಳಿಸಿ, ಒಳ್ಳೆಯ ಪ್ರತಿ ಕೊಡುತ್ತೇನೆ ಎಂದು ಒಬ್ಬೊಬ್ಬರಿಗೂ ಬರೆದ. ಮರಳಿ ಬಂದ ಪ್ರತಿಗಳನ್ನು ಆಸ್ಪತ್ರೆಗಳಿಗೆ ದಾನ ಮಾಡಿದ. ಕಟ್ಟದೆ ಉಳಿದ ಹಾಳೆಗಳು ನ್ಯೂಯಾರ್ಕಿನ ಆಪಲ್‌ಟನ್ ಎಂಬ ಪ್ರಕಾಶಕನ ಪಾಲಾಗಿ, 1866ರಲ್ಲಿ ಹೊಸ ಶೀರ್ಷಿಕೆ ಪುಟದೊಂದಿಗೆ ಅಮೆರಿಕದಲ್ಲಿ ಮಾರಾಟವಾದವು. ರಿಚರ್ಡ್ ಕ್ಲೇ ಎಂಬ ಬೇರೆ ಮುದ್ರಕ ಹೊಸದಾಗಿ ಅಚ್ಚು ಹಾಕಿ, 1866 ಎಂಬ ವರ್ಷ ನಮೂದಿಸಿ 1865ರ ನವೆಂಬರಿನಲ್ಲೇ ಹೊರತಂದದ್ದು ಲೋಕ ಓದಿದ ಆಲಿಸ್.

ಹೀಗೆ ತಡೆಹಿಡಿದ 1865ರ ಪ್ರತಿಗಳಲ್ಲಿ ಇಂದು ಲೆಕ್ಕಕ್ಕೆ ಸಿಕ್ಕಿರುವುದು ಇಪ್ಪತ್ತೆರಡೋ ಇಪ್ಪತ್ತಮೂರೋ. ಹೆಚ್ಚಿನವು ಗ್ರಂಥಾಲಯಗಳಲ್ಲಿವೆ. 1998ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಒಂದು ಪ್ರತಿ 15 ಲಕ್ಷ 40 ಸಾವಿರ ಡಾಲರಿಗೆ ಹೋಯಿತು. ಅದು ಕ್ಯಾರಲ್‌ನ ಸ್ವಂತ ಪ್ರತಿ. ಸಣ್ಣ ಮಕ್ಕಳಿಗಾಗಿ ಕಥೆಯನ್ನು ಸಂಕ್ಷೇಪಿಸುವ ಕೆಲಸಕ್ಕೆ ಅವನು ಅದರಲ್ಲಿ ನೇರಳೆ ಶಾಯಿಯಿಂದ ಗುರುತು ಹಾಕಿಕೊಂಡಿದ್ದ. ಟೆನಿಯಲ್ ಪೆನ್ಸಿಲಿನಲ್ಲಿ ಬಿಡಿಸಿದ ಮೂಲ ಚಿತ್ರಗಳು ಹತ್ತು ಅದರ ಜೊತೆಗಿದ್ದವು. 2016ರಲ್ಲಿ ಇನ್ನೊಂದು 1865ರ ಪ್ರತಿ ಅದೇ ಸಂಸ್ಥೆಯಲ್ಲಿ ಹರಾಜಿಗೆ ಬಂದಾಗ 20ರಿಂದ 30 ಲಕ್ಷ ಡಾಲರ್ ಅಂದಾಜು ಹಾಕಿದ್ದರು. ಯಾರೂ ಅಷ್ಟು ಕೂಗಲಿಲ್ಲ. ಪುಸ್ತಕ ಮಾರಾಟವಾಗದೆ ಹಿಂದಿರುಗಿತು. ವಿರಳವಾದದ್ದಕ್ಕೆಲ್ಲ ಗಿರಾಕಿ ಇದ್ದೇ ಇರುತ್ತಾನೆ ಎಂದು ನಂಬಿ ಹಣ ಹೂಡುವವರು ಈ ಎರಡನೆಯ ಸಂಗತಿಯನ್ನೂ ನೆನಪಿಡುವುದು ಒಳ್ಳೆಯದು.

ನೇರಳೆ ಶಾಯಿಯ ಮಾತು ಬಂತು. ಸುಮಾರು 1870ರಿಂದ ಇಪ್ಪತ್ತು ವರ್ಷ ಕ್ಯಾರಲ್ ಆ ಬಣ್ಣದ ಶಾಯಿಯಲ್ಲೇ ಹೆಚ್ಚಾಗಿ ಬರೆಯುತ್ತಿದ್ದ. 1866ರಲ್ಲಿ ಕೊಟ್ಟದ್ದೆಂದು ಹೇಳುವ ಪ್ರತಿಯಲ್ಲಿ ನೇರಳೆ ರುಜು ಕಂಡರೆ ಅನುಭವಿಯಾದ ವ್ಯಾಪಾರಿ ಕನ್ನಡಕ ತೆಗೆದು ಇನ್ನೊಮ್ಮೆ ಒರೆಸಿಕೊಳ್ಳುತ್ತಾನೆ. ಜೊತೆಗೆ ಕ್ಯಾರಲ್‌ಗೆ ಅಪರಿಚಿತರ ರುಜು ಬೇಟೆ ಕಂಡರಾಗದು. ಕಾಲೇಜಿನ ವಿಳಾಸಕ್ಕೆ ‘ಲೂಯಿ ಕ್ಯಾರಲ್’ ಹೆಸರಿನಲ್ಲಿ ಬಂದ ಕಾಗದಗಳನ್ನು ಹಾಗೆಯೇ ಹಿಂದಕ್ಕೆ ಕಳಿಸುತ್ತಿದ್ದ. 1890ರಲ್ಲಿ, ತನ್ನ ಹೆಸರಿನಲ್ಲಿ ಬಂದಿರದ ಯಾವ ಪುಸ್ತಕಕ್ಕೂ ತನಗೂ ಸಂಬಂಧವಿಲ್ಲವೆಂದು ತಿಳಿಸುವ ಒಂದು ಸುತ್ತೋಲೆಯನ್ನೇ ಅಚ್ಚು ಹಾಕಿಸಿಟ್ಟುಕೊಂಡಿದ್ದ. ಆದರೆ ಪರಿಚಯದ ಮಕ್ಕಳಿಗೆ ಕೊಟ್ಟ ಪುಸ್ತಕಗಳಲ್ಲಿ ಅವನ ಕೈ ಧಾರಾಳ. ಆದ್ದರಿಂದ ಅವನ ಬರಹವಿರುವ ನಿಜವಾದ ಪ್ರತಿಯ ಹಿಂದೆ ಸಾಮಾನ್ಯವಾಗಿ ಒಬ್ಬ ಹುಡುಗಿಯ ಹೆಸರಿರುತ್ತದೆ. ಅವಳು ಯಾರೆಂದು ಪತ್ತೆ ಹಚ್ಚಿದರೆ ರುಜುವಿನ ಪರೀಕ್ಷೆ ಅರ್ಧ ಮುಗಿದಂತೆ.

ಆ ಕೈಬರಹದ ಪುಸ್ತಕ ಏನಾಯಿತು? ಆಲಿಸ್ ಬೆಳೆದಳು, ಮದುವೆಯಾಗಿ ಆಲಿಸ್ ಹಾರ್ಗ್ರೀವ್ಸ್ ಆದಳು. ಮೂವರು ಗಂಡುಮಕ್ಕಳಲ್ಲಿ ಇಬ್ಬರನ್ನು ಮೊದಲ ಮಹಾಯುದ್ಧ ನುಂಗಿತು. 1926ರಲ್ಲಿ ಗಂಡ ತೀರಿಕೊಂಡ. ಆಸ್ತಿಯ ಮೇಲೆ ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ, ದೊಡ್ಡ ಮನೆಯ ಖರ್ಚು. ಅರವತ್ತು ವರ್ಷಕ್ಕೂ ಮೀರಿ ಜೋಪಾನ ಮಾಡಿದ ಉಡುಗೊರೆಯನ್ನು 1928ರ ಏಪ್ರಿಲಿನಲ್ಲಿ ಸದಬೀಸ್ ಹರಾಜಿಗೆ ಕೊಟ್ಟಳು. ಫಿಲಡೆಲ್ಫಿಯಾದ ಪುಸ್ತಕ ವ್ಯಾಪಾರಿ ಡಾಕ್ಟರ್ ರೋಸೆನ್‌ಬಾಕ್ 15,400 ಪೌಂಡಿಗೆ ಕೊಂಡು ಅಮೆರಿಕಕ್ಕೆ ಒಯ್ದ. ಇಂಗ್ಲೆಂಡಿನಲ್ಲಿ ಆದ ಬೇಸರ ಸಣ್ಣದಲ್ಲ. ಆಮೇಲೆ ಅದು ಗ್ರಾಮಫೋನು ಕಂಪನಿಯ ಒಡೆಯ ಎಲ್ಡ್ರಿಜ್ ಜಾನ್ಸನ್‌ನ ಕೈಸೇರಿತು. ಅವನು ಸತ್ತ ಮೇಲೆ, 1946ರಲ್ಲಿ, ಮತ್ತೆ ಹರಾಜು, ಮತ್ತೆ ರೋಸೆನ್‌ಬಾಕ್. ಈ ಸಲ ಮಾತ್ರ ಕೆಲವು ಅಮೆರಿಕನ್ನರು ಚಂದಾ ಎತ್ತಿ ಅದನ್ನು ಕೊಂಡರು. ಅಮೆರಿಕ ಯುದ್ಧಕ್ಕೆ ಸಿದ್ಧವಾಗುವ ತನಕ ಹಿಟ್ಲರನನ್ನು ತಡೆದು ನಿಂತ ಜನರಿಗೆ ಕೃತಜ್ಞತೆಯೆಂದು, ಲೈಬ್ರರಿ ಆಫ್ ಕಾಂಗ್ರೆಸ್ಸಿನ ಮುಖ್ಯಸ್ಥ ಲೂಥರ್ ಇವಾನ್ಸ್ 1948ರಲ್ಲಿ ತಾನೇ ತಂದು ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದ. ಈಗ ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಸಂಗ್ರಾಹಕರನ್ನು ಬರಿಯ ದುಡ್ಡಿನ ಜನ ಎಂದು ಬೈಯುವವರು ಈ ಹಿಂದಿರುಗಿಸುವಿಕೆಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಬೇಕು.

ಇಲ್ಲಿ ಒಂದು ಉಪಕಥೆಯಿದೆ. 1932ರಲ್ಲಿ ಕ್ಯಾರಲ್‌ನ ಜನ್ಮಶತಾಬ್ದಿ. ಎಂಬತ್ತು ವಯಸ್ಸಿನ ಆಲಿಸ್‌ಳನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಕರೆಸಿ ಸನ್ಮಾನಿಸಿತು. ಅದೇ ಸಮಯಕ್ಕೆ ಅಮೆರಿಕದ ಲಿಮಿಟೆಡ್ ಎಡಿಷನ್ಸ್ ಕ್ಲಬ್ ತನ್ನ ಸದಸ್ಯರಿಗಾಗಿ ಆಲಿಸ್‌ನ 1,500 ಪ್ರತಿ ಮುದ್ರಿಸಿತು. ಅವುಗಳಲ್ಲಿ ಅನೇಕ ಪ್ರತಿಗಳ ಮೇಲೆ ಆ ಮುದುಕಿ ‘ಆಲಿಸ್ ಹಾರ್ಗ್ರೀವ್ಸ್’ ಎಂದು ರುಜು ಹಾಕಿದಳು. ಬರೆದವನಲ್ಲ, ಚಿತ್ರಗಾರನಲ್ಲ, ಕಥೆ ಕೇಳಿದವಳ ರುಜು. ಇಂಥ ಉದಾಹರಣೆ ಅಪರೂಪ. ಸಾವಿರದ ಆಸುಪಾಸು ಸಲ ತನ್ನ ಹೆಸರು ಬರೆಯುವಾಗ ಆ ವೃದ್ಧೆಗೆ ಏನನ್ನಿಸಿರಬಹುದು ಎಂಬುದು ಕಾದಂಬರಿಕಾರರಿಗೆ ಬಿಟ್ಟ ವಿಷಯ.

ರುಜುಗಳಲ್ಲಿ ಜಾತಿಭೇದ ಬಹಳ. ಕೆಳಗಿನ ಮೆಟ್ಟಿಲಲ್ಲಿ ಬರಿಯ ಹೆಸರು. ಅದಕ್ಕೂ ಮೇಲೆ, ಇಂಥವರಿಗೆ ಎಂದು ಬರೆದು ಕೊಟ್ಟದ್ದು. ಪಡೆದವರು ಲೇಖಕನ ಬದುಕಿನಲ್ಲಿ ಇದ್ದವರಾದರೆ ಇನ್ನೂ ಮೇಲೆ. ಯಾರ ಹೆಸರಿಗೆ ಪುಸ್ತಕ ಅರ್ಪಣೆಯಾಗಿದೆಯೋ ಅವರಿಗೇ ಕೊಟ್ಟ ಪ್ರತಿಯಾದರೆ ಎಲ್ಲಕ್ಕೂ ಶಿಖರ. ಟೋಲ್ಕಿನ್ ತನ್ನ ಹಳೆಯ ಶಿಷ್ಯೆಯೊಬ್ಬಳಿಗೆ ಪ್ರಾಚೀನ ಇಂಗ್ಲಿಷಿನಲ್ಲಿ ಸಾಲುಗಳನ್ನು ಬರೆದು ಕೊಟ್ಟ ‘ಹಾಬಿಟ್’ನ ಮೊದಲ ಮುದ್ರಣ 2015ರ ಜೂನ್‌ನಲ್ಲಿ 1,37,000 ಪೌಂಡಿಗೆ ಹೋದದ್ದು ಈ ಲೆಕ್ಕಾಚಾರದಲ್ಲೇ.

ಇದರ ಪಕ್ಕದಲ್ಲಿ ಇನ್ನೊಂದು ಪಂಗಡವಿದೆ: ಹುಟ್ಟುವಾಗಲೇ ವಿರಳವಾಗಿ ಹುಟ್ಟಿಸಿದ ಪುಸ್ತಕ. ಇದರ ದೊಡ್ಡ ಹೆಸರು ಆರ್ಥರ್ ರ‍್ಯಾಕ್‌ಹಮ್. ಇಪ್ಪತ್ತನೆಯ ಶತಮಾನದ ಆರಂಭಕ್ಕೆ, ಚಿತ್ರವನ್ನು ಫೋಟೋ ಹಿಡಿದು ಮೂರು ಬಣ್ಣಗಳ ಬ್ಲಾಕುಗಳಾಗಿ ಒಡೆದು ಅಚ್ಚು ಹಾಕುವ ವಿದ್ಯೆ ಕೈಗೂಡಿತ್ತು. ಅದಕ್ಕೆ ನುಣುಪಾದ ಹೊಳಪು ಕಾಗದವೇ ಬೇಕು. ಆದ್ದರಿಂದ ಚಿತ್ರಗಳನ್ನು ಬೇರೆಯಾಗಿ ಮುದ್ರಿಸಿ, ದಪ್ಪ ಹಾಳೆಯ ಮೇಲೆ ಒಂದಂಚಿಗೆ ಮಾತ್ರ ಅಂಟು ಹಚ್ಚಿ ಕೂರಿಸುತ್ತಿದ್ದರು. 1906ರ ‘ಪೀಟರ್ ಪ್ಯಾನ್ ಇನ್ ಕೆನ್ಸಿಂಗ್ಟನ್ ಗಾರ್ಡನ್ಸ್’ನಲ್ಲಿ ಹೀಗೆ ಅಂಟಿಸಿದ 50 ಚಿತ್ರಗಳು. ಸಾಮಾನ್ಯ ಪ್ರತಿಗಳಲ್ಲದೆ, ತೊಗಲಿನಂಥ ಬಿಳಿಯ ವೆಲ್ಲಮ್ ಹೊದಿಸಿ, ಸಂಖ್ಯೆ ಹಾಕಿ, ರ‍್ಯಾಕ್‌ಹಮ್ ರುಜು ಮಾಡಿದ 500 ಪ್ರತಿಗಳೂ ಬಂದವು. ಹಿಂದಿನ ವರ್ಷದ ‘ರಿಪ್ ವಾನ್ ವಿಂಕಲ್’ಗೆ ಇಂಥವು 250. ಲೀಸೆಸ್ಟರ್ ಗ್ಯಾಲರಿಯಲ್ಲಿ ಮೂಲ ಚಿತ್ರಗಳ ಪ್ರದರ್ಶನ, ಕ್ರಿಸ್‌ಮಸ್ಸಿಗೆ ಉಡುಗೊರೆಯ ಪುಸ್ತಕ. ವ್ಯಾಪಾರ ಚೆನ್ನಾಗಿ ನಡೆಯಿತು. ಆದರೆ ಇವು ಮಕ್ಕಳ ಪುಸ್ತಕಗಳೇ? ತೂಕ ನೋಡಿದರೆ ಮಗುವಿನ ತೊಡೆ ನೋಯುತ್ತದೆ, ಬಿಳಿಯ ರಟ್ಟು ನೋಡಿದರೆ ತಾಯಿಗೆ ದಿಗಿಲಾಗುತ್ತದೆ. ಬೈಠಕ್‌ಖಾನೆಯ ಮೇಜಿಗೆಂದು ಹುಟ್ಟಿದ ಪುಸ್ತಕಗಳು ಇವು ಎನ್ನದೆ ವಿಧಿಯಿಲ್ಲ. ಒಂದಂಚಿನ ಅಂಟು ಇನ್ನೊಂದು ಆಪತ್ತನ್ನೂ ತಂದಿತು. ಸುಲಭವಾಗಿ ಕಿತ್ತು ಬರುವ ಚಿತ್ರಗಳನ್ನು ಬಿಡಿಬಿಡಿಯಾಗಿ ಕಟ್ಟು ಹಾಕಿಸಿ ಗೋಡೆಗೆ ಮಾರುವವರು ಹುಟ್ಟಿಕೊಂಡರು. ಎಲ್ಲ ಚಿತ್ರಗಳೂ ಇವೆಯೇ ಎಂದು ಒಂದೊಂದಾಗಿ ಎಣಿಸದೆ ರ‍್ಯಾಕ್‌ಹಮ್ ಕೊಳ್ಳಬಾರದೆಂಬುದು ಅನುಭವಸ್ಥರ ಮಾತು.

ಆ ಮಹಾಶಯನ ಕೊನೆಯ ಕೆಲಸ ‘ದಿ ವಿಂಡ್ ಇನ್ ದಿ ವಿಲೋಸ್’ಗೆ ಬರೆದ ಚಿತ್ರಗಳು. 1939ರ ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡ; ಪುಸ್ತಕವನ್ನು ಲಿಮಿಟೆಡ್ ಎಡಿಷನ್ಸ್ ಕ್ಲಬ್ ಹೊರತಂದದ್ದು 1940ರಲ್ಲಿ. ಅದರಲ್ಲಿರುವ ರುಜು ಪುಸ್ತಕದ ವಿನ್ಯಾಸ ಮಾಡಿದ ಬ್ರೂಸ್ ರೋಜರ್ಸನದು. ಯಾರಾದರೂ ಅದೇ ಪುಸ್ತಕವನ್ನು ರ‍್ಯಾಕ್‌ಹಮ್‌ನ ರುಜುವಿನೊಂದಿಗೆ ತಂದು ತೋರಿಸಿದರೆ ಕಾಫಿ ಕೊಟ್ಟು ಕಳಿಸುವುದೇ ಸರಿ. ಇಂಥ ಸರಳ ಗಣಿತ ಎಷ್ಟೋ ಮೋಸಗಳನ್ನು ತಡೆಯುತ್ತದೆ. ‘ಪುಟ್ಟ ರಾಜಕುಮಾರ’ನ ಕಥೆ ಬರೆದ ಫ್ರೆಂಚ್ ವಿಮಾನ ಚಾಲಕ ಸೇಂಟ್ ಎಕ್ಸುಪೆರಿಯ ವಿಷಯವೂ ಹಾಗೆ. ಯುದ್ಧದ ಕಾಲದಲ್ಲಿ ಅವನು ನ್ಯೂಯಾರ್ಕಿನಲ್ಲಿದ್ದ. ಪುಸ್ತಕದ ಇಂಗ್ಲಿಷ್ ಅನುವಾದ, ಫ್ರೆಂಚ್ ಮೂಲ ಎರಡೂ 1943ರ ಏಪ್ರಿಲಿನಲ್ಲಿ ಅಲ್ಲೇ ಹೊರಬಂದವು. ಇಂಗ್ಲಿಷಿನ 525, ಫ್ರೆಂಚಿನ 260 ಪ್ರತಿಗಳಿಗೆ ಸಂಖ್ಯೆ ಹಾಕಿ ರುಜು ಮಾಡಿಸಿದ್ದರು. ಅದೇ ತಿಂಗಳು ಅವನು ಯುದ್ಧಕ್ಕೆಂದು ಆಫ್ರಿಕಕ್ಕೆ ಹೊರಟ. 1944ರ ಜುಲೈ 31ರಂದು ಹಾರಿದ ವಿಮಾನ ಮರಳಲಿಲ್ಲ. ಅವನ ಸ್ವಂತ ದೇಶದಲ್ಲಿ ಪುಸ್ತಕ ಅಚ್ಚಾದದ್ದು 1946ರಲ್ಲಿ. ಆದ್ದರಿಂದ ಫ್ರಾನ್ಸಿನ ಮೊದಲ ಮುದ್ರಣದ ಮೇಲೆ ಲೇಖಕನ ರುಜು ಎಂಬುದು ಮೊಲಕ್ಕೆ ಕೊಂಬು ಇದ್ದಂತೆ.

ಮೊಲ ಎಂದಾಗ ಬಿಯಾಟ್ರಿಕ್ಸ್ ಪಾಟರ್ ನೆನಪಾಗದೆ ಇರಳು. ಬೇಕೆಂದೇ ವಿರಳವಾಗಿಸಿದ ಪುಸ್ತಕಕ್ಕೆ ಅವಳದು ನೇರ ವಿರುದ್ಧ ಉದಾಹರಣೆ. 1893ರ ಸೆಪ್ಟೆಂಬರ್ 4ರಂದು, ತನಗೆ ಪಾಠ ಹೇಳಿಕೊಟ್ಟಿದ್ದ ಹೆಂಗಸಿನ ಮಗ, ಕಾಯಿಲೆ ಮಲಗಿದ್ದ ಐದು ವರ್ಷದ ನೋಯಲ್‌ಗೆ ಒಂದು ಕಾಗದ ಬರೆದಳು. ಬರೆಯಲು ಸುದ್ದಿಯಿಲ್ಲವೆಂದು ನಾಲ್ಕು ಮೊಲದ ಮರಿಗಳ ಕಥೆಯನ್ನು ಚಿತ್ರಸಮೇತ ಹೇಳಿದಳು. ವರ್ಷಗಳ ನಂತರ ಆ ಕಾಗದವನ್ನು ಎರವಲು ಕೇಳಿ ತರಿಸಿಕೊಂಡು ಪುಸ್ತಕ ಮಾಡಿದಳು. ಹುಡುಗ ಅದನ್ನು ಇಟ್ಟುಕೊಂಡಿದ್ದ! ಪ್ರಕಾಶಕರು ಒಬ್ಬರ ಹಿಂದೊಬ್ಬರು ಬೇಡವೆಂದರು. ಪುಸ್ತಕ ಪುಟ್ಟ ಕೈಗೆ ಹಿಡಿಯುವಷ್ಟು ಪುಟ್ಟದಾಗಿರಬೇಕು, ಬೆಲೆ ಕಡಿಮೆ ಇರಬೇಕು ಎಂಬ ಅವಳ ಹಟ ಅವರಿಗೆ ಹಿಡಿಸಲಿಲ್ಲ. ಕೊನೆಗೆ 1901ರ ಡಿಸೆಂಬರಿನಲ್ಲಿ ಸ್ವಂತ ಹಣದಲ್ಲಿ 250 ಪ್ರತಿ ಅಚ್ಚು ಹಾಕಿಸಿದಳು. ಒಳಗೆಲ್ಲ ಕಪ್ಪು ಗೆರೆಯ ಚಿತ್ರ, ಮೊದಲಲ್ಲಿ ಮಾತ್ರ ಒಂದು ಬಣ್ಣದ್ದು. ನೆಂಟರಿಗೆ, ಗೆಳತಿಯರಿಗೆ ಕೊಟ್ಟಳು, ಉಳಿದದ್ದನ್ನು ಮಾರಿದಳು. ಕೊಂಡವರಲ್ಲಿ ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಕಾನನ್ ಡಾಯ್ಲ್ ಒಬ್ಬ. ಫೆಬ್ರವರಿಯಲ್ಲಿ ಇನ್ನೂ 200 ಪ್ರತಿ ಬೇಕಾಯಿತು. 1902ರ ಅಕ್ಟೋಬರಿನಲ್ಲಿ ಫ್ರೆಡರಿಕ್ ವಾರ್ನ್ ಸಂಸ್ಥೆ ಬಣ್ಣದ ಚಿತ್ರಗಳೊಂದಿಗೆ 8,000 ಪ್ರತಿ ಹೊರತಂದಿತು. ಆ 250ರಲ್ಲಿ ಅವಳ ಕೈಬರಹ ಹೊತ್ತ ಒಂದು ಪ್ರತಿ ಸಿಕ್ಕಿದರೆ ಸಂಗ್ರಾಹಕನಿಗೆ ಆಯುಷ್ಯವಿಡೀ ಬೇರೆ ಪುಸ್ತಕ ಬೇಡ. ಮಕ್ಕಳ ಕೈಯಲ್ಲಿ ಸವೆಯಲಿ ಎಂದೇ ಅಗ್ಗವಾಗಿ, ಸಣ್ಣದಾಗಿ ಮಾಡಿದ ಆ ಪುಸ್ತಕ ಈಗ ಕೈಗವಸು ತೊಟ್ಟು ಮುಟ್ಟುವಷ್ಟು ದುಬಾರಿ.

ಈ ಪುಸ್ತಕಗಳು ಉಳಿದದ್ದಾದರೂ ಯಾರಿಂದ? ಗ್ರಂಥಾಲಯಗಳು ಬಹುಕಾಲ ಮಕ್ಕಳ ಪುಸ್ತಕವನ್ನು ಕೂಡಿಡುವ ವಸ್ತುವೆಂದು ಎಣಿಸಿರಲಿಲ್ಲ. ಕೂಡಿಟ್ಟವರು ಹಟಮಾರಿ ಖಾಸಗಿ ಜನ. ಇಂಗ್ಲೆಂಡಿನ ಡರ್ಬಿಷೈರಿನ ಗ್ರಂಥಪಾಲಕ ಎಡ್ಗರ್ ಆಸ್ಬಾರ್ನ್ ಹೆಂಡತಿಯೊಡನೆ ಸೇರಿಸಿದ ಸುಮಾರು 2,000 ಪುಸ್ತಕಗಳನ್ನು 1949ರಲ್ಲಿ ಕೆನಡಾದ ಟೊರಾಂಟೊ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಟ್ಟ. ಅಲ್ಲಿಗೇ ಏಕೆ? ಹದಿನೈದು ವರ್ಷ ಹಿಂದೆ ಆ ಊರಿಗೆ ಹೋದಾಗ ಮಕ್ಕಳ ವಿಭಾಗವನ್ನು ಅವರು ನಡೆಸುತ್ತಿದ್ದ ರೀತಿಗೆ ಗಂಡ ಹೆಂಡಿರು ಮಾರುಹೋಗಿದ್ದರು. ಮಕ್ಕಳ ಜಾನಪದವನ್ನು ಕಲೆಹಾಕಿದ ಐಯೋನಾ ಮತ್ತು ಪೀಟರ್ ಓಪಿ ದಂಪತಿಗಳ 20,000 ಪುಸ್ತಕಗಳು, ಸಾರ್ವಜನಿಕರಿಂದ ಹಣ ಕೂಡಿಸಿ, 1988ರಲ್ಲಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯ ಸೇರಿದವು. ಆಲಿಸ್‌ನ ಹಸ್ತಪ್ರತಿ ಕೊಂಡ ರೋಸೆನ್‌ಬಾಕ್ ಕೂಡ ತನ್ನ ಬಳಿ ಇದ್ದ ಅಮೆರಿಕದ ಹಳೆಯ ಮಕ್ಕಳ ಪುಸ್ತಕಗಳನ್ನು 1947ರಲ್ಲಿ ಫಿಲಡೆಲ್ಫಿಯಾದ ಸಾರ್ವಜನಿಕ ಗ್ರಂಥಾಲಯಕ್ಕೆ ದಾನ ಮಾಡಿದ.

ಆದರೂ ಹಳೆಯ ಅಸಡ್ಡೆ ಪೂರ್ತಿ ಹೋಗಿಲ್ಲ. ಮೇಲೆ ಹೆಸರಿಸಿದ ಸೆಂಡಾಕ್ ಸ್ವತಃ ದೊಡ್ಡ ಸಂಗ್ರಾಹಕ. 2012ರಲ್ಲಿ ಸಾಯುವಾಗ ತನ್ನ ವಿರಳ ಪುಸ್ತಕಗಳು ಫಿಲಡೆಲ್ಫಿಯಾದ ರೋಸೆನ್‌ಬಾಕ್ ಮ್ಯೂಸಿಯಮ್ಮಿಗೆ ಸೇರಲಿ ಎಂದು ಉಯಿಲು ಬರೆದಿದ್ದ. ಯಾವುವು ವಿರಳ ಪುಸ್ತಕ ಎಂಬ ಬಗ್ಗೆ ಅವನ ಆಸ್ತಿಯ ನಿರ್ವಾಹಕರಿಗೂ ಮ್ಯೂಸಿಯಮ್ಮಿಗೂ 2014ರಲ್ಲಿ ವ್ಯಾಜ್ಯ ಹತ್ತಿತು. ಬಿಯಾಟ್ರಿಕ್ಸ್ ಪಾಟರಳ ಪುಸ್ತಕಗಳು ಮಕ್ಕಳ ಪುಸ್ತಕಗಳು, ಆದ್ದರಿಂದ ವಿರಳ ಪುಸ್ತಕಗಳಲ್ಲ ಎಂದು ನಿರ್ವಾಹಕರು ವಾದಿಸುತ್ತಿದ್ದಾರೆಂದು ಮ್ಯೂಸಿಯಂ ನ್ಯಾಯಾಲಯಕ್ಕೆ ದೂರಿತು. 2016ರ ತೀರ್ಪಿನಲ್ಲಿ ಹೆಚ್ಚಿನ ಪುಸ್ತಕಗಳು ನಿರ್ವಾಹಕರ ಕಡೆಗೇ ಹೋದವು. ಸೆಂಡಾಕ್ ಬದುಕಿದ್ದಿದ್ದರೆ ಈ ವಾದಕ್ಕೆ ಏನೆನ್ನುತ್ತಿದ್ದನೋ! ಅವನು ಮತ್ತೆ ಮತ್ತೆ ಹೇಳಿಕೊಂಡ ಒಂದು ಪ್ರಸಂಗವಿದೆ. ಒಬ್ಬ ಪುಟ್ಟ ಹುಡುಗ ಅವನಿಗೆ ಚಿತ್ರ ಬರೆದ ಕಾರ್ಡು ಕಳಿಸಿದ್ದ. ಉತ್ತರವಾಗಿ ಸೆಂಡಾಕ್ ಒಂದು ಕಾರ್ಡಿನ ಮೇಲೆ ವಿಚಿತ್ರ ಪ್ರಾಣಿಯೊಂದರ ಚಿತ್ರ ಬಿಡಿಸಿ ಕಳಿಸಿದ. ಕೆಲವು ದಿನಕ್ಕೆ ತಾಯಿಯ ಪತ್ರ ಬಂತು: ಮಗನಿಗೆ ಕಾರ್ಡು ಎಷ್ಟು ಇಷ್ಟವಾಯಿತೆಂದರೆ ಅದನ್ನು ತಿಂದುಬಿಟ್ಟ. ತನಗೆ ಸಂದ ಅತ್ಯುನ್ನತ ಗೌರವಗಳಲ್ಲಿ ಅದೊಂದು ಎಂದು ಸೆಂಡಾಕ್ ಎಣಿಸುತ್ತಿದ್ದ. ಸಂಗ್ರಾಹಕರು ಕೇಳಿದರೆ ಎದೆ ಹಿಡಿದುಕೊಳ್ಳುವ ಸಂಗತಿ.

ಕೊನೆಗೆ, ಯಾವ ಹರಾಜಿಗೂ ಬಾರದ ಒಂದು ಪುಸ್ತಕ. ಮುಂಬಯಿಯಲ್ಲಿ ಹುಟ್ಟಿದ ರಡ್‌ಯಾರ್ಡ್ ಕಿಪ್ಲಿಂಗ್ ‘ದಿ ಜಂಗಲ್ ಬುಕ್’ ಬರೆದದ್ದು ಅಮೆರಿಕದ ವರ್ಮಾಂಟಿನಲ್ಲಿ. ಚಿತ್ರ ಬರೆದವರಲ್ಲಿ ಒಬ್ಬ ಅವನ ತಂದೆ ಲಾಕ್‌ವುಡ್ ಕಿಪ್ಲಿಂಗ್, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿಸಿದವನು. ಕಿಪ್ಲಿಂಗ್‌ನ ಹಳೆಯ ಮುದ್ರಣಗಳ ರಟ್ಟಿನ ಮೇಲೆ ಸೊಂಡಿಲಲ್ಲಿ ಕಮಲ ಹಿಡಿದ ಆನೆಯ ಮುಖ, ಜೊತೆಗೆ ಸ್ವಸ್ತಿಕ ಇರುತ್ತಿದ್ದವು. ನಾಜಿಗಳು ಸ್ವಸ್ತಿಕವನ್ನು ಕೈಗೆತ್ತಿಕೊಂಡ ಮೇಲೆ ಕಿಪ್ಲಿಂಗ್ ಅದನ್ನು ತೆಗೆಸಿದ. ಪುಸ್ತಕ ಲಂಡನ್ನಿನಲ್ಲಿ ಹೊರಬಂದದ್ದು 1894ರ ಮೇ ತಿಂಗಳಲ್ಲಿ. ಹಿರಿಯ ಮಗಳು ಜೋಸೆಫಿನ್‌ಗೆ ಆಗ ಇನ್ನೂ ಎರಡು ತುಂಬಿರಲಿಲ್ಲ. ಸ್ವಲ್ಪ ದೊಡ್ಡವಳಾದ ಮೇಲೆ ಅವಳು ಅಪ್ಪ ಹೇಳಿದ ಕಥೆಯಲ್ಲಿ ಒಂದು ಮಾತೂ ಬದಲಾಗಬಾರದೆಂದು ಹಟ ಮಾಡುತ್ತಿದ್ದಳು. ಕಿಪ್ಲಿಂಗ್ ತಾನೇ ಚಿತ್ರ ಬರೆದ ‘ಜಸ್ಟ್ ಸೋ ಸ್ಟೋರೀಸ್’ಗೆ ಆ ಹೆಸರು ಬಂದದ್ದು ಹಾಗೆ. ಆ ಪುಸ್ತಕ ಅಚ್ಚಾದದ್ದು 1902ರಲ್ಲಿ. 1899ರ ಮಾರ್ಚಿನಲ್ಲಿ, ಅಪ್ಪ ಮಗಳಿಬ್ಬರೂ ನ್ಯೂಯಾರ್ಕಿನಲ್ಲಿ ನ್ಯುಮೋನಿಯಾದಿಂದ ಮಲಗಿದ್ದಾಗ, ಮಗಳು ಹೋದಳು. ಅವಳಿಗೆ ಆರು ವರ್ಷ. ಅಪ್ಪ ಉಳಿದ.

ಮಗ ಜಾನ್ 1915ರಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಸತ್ತ. ಉಳಿದ ಒಬ್ಬ ಮಗಳು ಎಲ್ಸಿ ಕೇಂಬ್ರಿಡ್ಜ್ ಸಮೀಪದ ವಿಂಪೋಲ್ ಹಾಲ್ ಎಂಬ ದೊಡ್ಡ ಮನೆಯಲ್ಲಿ ಬಾಳಿ, 1976ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಳು. ಮನೆ ನ್ಯಾಷನಲ್ ಟ್ರಸ್ಟಿಗೆ ಸೇರಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಅಲ್ಲಿನ ಗ್ರಂಥಭಂಡಾರದ ಪಟ್ಟಿ ಮಾಡುತ್ತಿದ್ದವರಿಗೆ ‘ಜಂಗಲ್ ಬುಕ್’ನ ಒಂದು ಮೊದಲ ಮುದ್ರಣ ಕೈಗೆ ಬಂತು. ತೆರೆದರೆ ಒಳಗೆ ಕಿಪ್ಲಿಂಗ್‌ನ ಕೈಬರಹ: ಈ ಪುಸ್ತಕ ಜೋಸೆಫಿನ್‌ಳದು, ಅವಳಿಗಾಗಿ ಅವಳಪ್ಪ ಬರೆದದ್ದು ಎಂಬ ಅರ್ಥದ ಒಕ್ಕಣೆ, 1894ರ ಮೇ ಎಂಬ ತೇದಿ. 2010ರ ಏಪ್ರಿಲಿನಲ್ಲಿ ಟ್ರಸ್ಟು ಈ ಸುದ್ದಿಯನ್ನು ಹೊರಗೆ ಹೇಳಿತು. ಹರಾಜಿನ ಮಾತೇ ಇಲ್ಲದಿದ್ದರೂ ಪತ್ರಿಕೆಗಳಿಗೆ ಅದು ದೊಡ್ಡ ಸುದ್ದಿಯಾಯಿತು.